ನಡೆ-ನುಡಿಯ ಒರೆಗಲ್ಲು: ನಾಯಿ ಕಲಿಸುವ ಕಾಯಕ

ವಚನಗಳಲ್ಲಿ ನಾಯಿ ಹಲವು ಸಲ ಬರುತ್ತದೆ. ಹೆಚ್ಚಿನ ಕಡೆ ಅದು ಚಂಚಲ ಮನಸ್ಸಿಗೆ, ಆಸೆಬುರುಕತನಕ್ಕೆ, ಬಿಟ್ಟರೂ ಬಿಡದ ಹೀನ ಬುದ್ಧಿಗೆ ಉಪಮಾನ. ಆದರೆ ಶರಣಚರಿತ್ರೆಗಳು ಬೇರೆಯೇ ಬಗೆಯ ಒಂದು ನಾಯಿಯನ್ನೂ ನೆನಪಿನಲ್ಲಿ ಇಟ್ಟುಕೊಂಡಿವೆ. ಅಕ್ಕಸಾಲಿ ಕಾಯಕದ ಹಾವಿನಹಾಳ ಕಲ್ಲಯ್ಯನವರು ವೇದಪಾಠದ ಅಹಂಕಾರ ಮೆರೆದವರ ಮುಂದೆ ನಾಯಿಯ ಬಾಯಿಂದಲೇ ವೇದವನ್ನು ಓದಿಸಿದರೆಂಬ ಕಥೆ ಅದು. ಪವಾಡವೆಂದು ಕೈಮುಗಿದು ಮುಂದೆ ಸಾಗುವವರೇ ಹೆಚ್ಚು. ತುಸು ನಿಂತು ವಿಚಾರಿಸಿದರೆ, ಅಂದು ಪಾಠ ಕಲಿಯಬೇಕಾಗಿದ್ದವರು ಸುತ್ತ ನೆರೆದ ಮನುಷ್ಯರೇ ಎಂಬುದು ಹೊಳೆಯುತ್ತದೆ.

ಈ ಕಥೆಯನ್ನು ಇಂದು ನೆನೆಯಲು ಕಾರಣವಿದೆ. ಬೆಂಗಳೂರಿನಲ್ಲಿ ಉನ್ನತ ವ್ಯಾಸಂಗ ಮಾಡಿದ ಕೆಲವರು, ತಾವು ಸಾಕಿದ ಒಂದು ನಾಯಿಯ ದೆಸೆಯಿಂದ ಇದ್ದ ಉದ್ಯೋಗವನ್ನು ಬಿಟ್ಟು ನಾಯಿಗಳೊಡನೆ ದುಡಿಯುವ ಕಾಯಕಕ್ಕೆ ಇಳಿದಿದ್ದಾರೆ. ಸಿಂಧೂರ್ ಪಂಗಾಳ್ ಅವರದು ಅಂಥದೊಂದು ಉದಾಹರಣೆ. ಎಂಜಿನಿಯರ್ ಆಗಿದ್ದ ಅವರನ್ನು ಶ್ವಾನವರ್ತನೆಯ ಅಧ್ಯಯನದತ್ತ ಸೆಳೆದದ್ದು ನಿಶಿ ಎಂಬ ನಾಯಿ. ಅವರು ಕಟ್ಟಿದ ಸಂಸ್ಥೆಗೆ ‘ಬೆಂಗಳೂರು ಹುಂಡೆಸ್ಕೋಲೆ’ ಎಂದು ಹೆಸರಿಟ್ಟರು. ನಾರ್ವೆಯ ಭಾಷೆಯಲ್ಲಿ ಅದಕ್ಕೆ ನಾಯಿಶಾಲೆ ಎಂದರ್ಥ. ನಾಯಿಗೆ ಆಜ್ಞೆ ಮಾಡುವುದಕ್ಕಿಂತ ಮೊದಲು ಅದನ್ನು ಗಮನಿಸಬೇಕೆಂಬುದು ಅವರ ಮಾರ್ಗ. ಬೀದಿನಾಯಿಗಳ ದಿನಚರಿಯನ್ನು ಅಧ್ಯಯನ ಮಾಡಿ, ಅವು ತಮ್ಮ ಹೊತ್ತಿನ ಬಹುಭಾಗವನ್ನು ವಿಶ್ರಾಂತಿಯಲ್ಲಿಯೇ ಕಳೆಯುತ್ತವೆಂದು ಅವರು ತೋರಿಸಿಕೊಟ್ಟರು.

ಇಂಥ ಬದಲಾವಣೆ ಕೇಳಲು ಚೆಂದ. ಮನೆಯೊಳಗೆ ಅಷ್ಟು ಸುಲಭವಲ್ಲ. ಇಂದಿರಾನಗರದ ಕಚೇರಿಯೊಂದರಲ್ಲಿ ದುಡಿಯುವ ತರುಣನೊಬ್ಬ ಹೀಗೆ ನಿರ್ಧರಿಸಿದನೆನ್ನಿ. “ಇಷ್ಟು ಓದಿ ನಾಯಿ ಹಿಡ್ಕೊಂಡು ಬೀದಿ ಸುತ್ತೋದೇನಪ್ಪಾ?” ಎಂದು ತಾಯಿ ಕೇಳದಿರುವುದಿಲ್ಲ. “ಮನೆ ಸಾಲದ ಕಂತು ಹೇಗೆ ಕಟ್ಟೋದು ರೀ?” ಎಂದು ಹೆಂಡತಿ ಕೇಳಿದರೆ ಅದರಲ್ಲಿ ತಪ್ಪಿಲ್ಲ. ಎರಡೂ ಪ್ರಶ್ನೆಗಳು ಒಂದೇ ಅಲ್ಲ. ಮೊದಲನೆಯದು ಮಾನದ ಪ್ರಶ್ನೆ. ಅದಕ್ಕೆ ಶರಣರು ಎಂದೋ ಉತ್ತರ ಕೊಟ್ಟಿದ್ದಾರೆ. ಪರಂಪರೆಯ ಪ್ರಕಾರ ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದ ಮೋಳಿಗೆಯ ಮಾರಯ್ಯನವರು ಸೌದೆ ಮಾರಿ ಬದುಕಿದರು. ಕಲ್ಯಾಣದವರು ಅದನ್ನು ಪತನವೆಂದು ಕರೆಯಲಿಲ್ಲ. ಕಾಯಕದಲ್ಲಿ ಮೇಲು-ಕೀಳಿಲ್ಲ. ಎರಡನೆಯದು ಅನ್ನದ ಪ್ರಶ್ನೆ. ಅದಕ್ಕೆ ಮುಂದೆ ಬರಬೇಕು.

ಮೊದಲು ಈ ಕಾಯಕದ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. 1809ರಲ್ಲಿ ಬ್ರಿಟಿಷರ ಸೇನೆ ಬಂದು ನೆಲೆಸಿದ ದಂಡು ಪ್ರದೇಶ ಇಂದಿಗೂ ಹಲವು ನುಡಿಗಳ ನೆಲೆ. ಶಿವಾಜಿನಗರದ ಮನೆಯಲ್ಲಿ ಉರ್ದು, ಹಲಸೂರಿನ ಮನೆಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ಕನ್ನಡ, ತೆಲುಗು. ಮನೆಮಾತು ಯಾವುದೇ ಇರಲಿ, ನಾಯಿಯೊಡನೆ ಮಾತ್ರ ‘ಸಿಟ್’, ‘ಸ್ಟೇ’, ‘ಕಮ್’ ಎನ್ನುವ ರೂಢಿ ವ್ಯಾಪಕವಾಗಿದೆ. ಇಂಗ್ಲಿಷಿನಲ್ಲಿ ಹೇಳಿದರೇನೇ ನಾಯಿಗೆ ತಿಳಿಯುತ್ತದೆಂಬುದು ಭ್ರಮೆ. ನಾಯಿಗೆ ಭಾಷೆಯ ಹಂಗಿಲ್ಲ. ‘ಕೂರು’ ಎಂದರೂ ಅದು ಕೂರುತ್ತದೆ. ಆದರೆ ಆ ಸದ್ದಿನ ಹಿಂದೆ ಪ್ರತಿಸಲವೂ ಒಂದೇ ಅರ್ಥವಿರಬೇಕು. ತಂದೆ ‘ಬಾ’ ಎಂದು, ಮಗ ‘ಕಮ್’ ಎಂದು ಕರೆದು, ಬಂದ ನಾಯಿಗೆ ಒಮ್ಮೆ ಬಿಸ್ಕತ್ತು, ಇನ್ನೊಮ್ಮೆ ಏಟು ಸಿಕ್ಕಿದರೆ, ಕರೆದಾಗ ಹೋಗದಿರುವುದೇ ಕ್ಷೇಮವೆಂದು ಅದು ಕಲಿಯುತ್ತದೆ. ಲೋಕ ಅದನ್ನು ಮೊಂಡು ನಾಯಿ ಎನ್ನುತ್ತದೆ. ವಾಸ್ತವವಾಗಿ ಅದು ಆ ಮನೆಯವರ ನಡೆಯನ್ನು ತಪ್ಪಿಲ್ಲದೆ ಓದಿಕೊಂಡಿರುತ್ತದೆ.

ಶರಣರು ಸಾಧಕನಿಂದ ಬಯಸಿದ್ದು ನಡೆ-ನುಡಿಗಳ ಐಕ್ಯವನ್ನು. ಮನುಷ್ಯರ ಮುಂದೆ ನುಡಿಯ ಬಲದಿಂದ ಎಷ್ಟೋ ಕಾಲ ಸಾಗಬಹುದು. ನಾಯಿಯ ಮುಂದೆ ಸಾಗದು. ಅದಕ್ಕೆ ಉಪನ್ಯಾಸ ತಿಳಿಯದು, ಕೈ ಎತ್ತಿದ್ದು ತಿಳಿಯುತ್ತದೆ. ಅಮೆರಿಕದ ಕ್ಯಾರೆನ್ ಪ್ರಯರ್ 1960ರ ದಶಕದಲ್ಲಿ ಹವಾಯಿಯ ಕಡಲ ಉದ್ಯಾನದಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದವರು. ಈಜಿ ದೂರ ಹೋಗಬಲ್ಲ ಪ್ರಾಣಿಗೆ ಹಗ್ಗ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಸರಿಯಾದ ಕ್ಷಣದಲ್ಲಿ ಶಿಳ್ಳೆ, ಅದರ ಬೆನ್ನಿಗೆ ಮೀನು, ಇಷ್ಟೇ ಸಾಧನ. ಅದೇ ತತ್ತ್ವವನ್ನು ಅವರು 1984ರ ತಮ್ಮ ಗ್ರಂಥದಲ್ಲಿ ಎಲ್ಲರಿಗೂ ತಿಳಿಯುವಂತೆ ವಿವರಿಸಿದರು; ಮುಂದೆ ನಾಯಿ ಕಲಿಸುವವರಲ್ಲಿ ಅದು ಬಹಳ ಹರಡಿತು. ಬೆದರಿಸಿ ಕಲಿಸಿದ ವಿದ್ಯೆಯ ಅಪಾಯವನ್ನೂ ಅನುಭವಿಗಳು ಬಲ್ಲರು. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡಬಹುದು. ಒಳಗಿನ ಭಯ ಹಾಗೆಯೇ ಉಳಿದು, ಮುಂದೊಂದು ದಿನ ಎಚ್ಚರಿಕೆ ಕೊಡದೆಯೇ ಕಚ್ಚಬಹುದು.

ಈಗ ಅನ್ನದ ಪ್ರಶ್ನೆ. ಈ ಕಾಯಕದ ನಿಜವಾದ ಪರೀಕ್ಷೆ ಇಲ್ಲಿಯೇ ಇದೆ. ಸಂಬಳ ನಿಂತ ಮನೆಗೆ ಅನುಕೂಲಸ್ಥ ಗಿರಾಕಿಯೊಬ್ಬರು ಬಂದು, “ನಾಯಿಯನ್ನು ನಿಮ್ಮಲ್ಲೇ ಬಿಟ್ಟು ಹೋಗುತ್ತೇವೆ. ಏನಾದರೂ ಮಾಡಿ, ಹದಿನೈದು ದಿನದಲ್ಲಿ ಹೇಳಿದ ಹಾಗೆ ಕೇಳಬೇಕು” ಎನ್ನುತ್ತಾರೆನ್ನಿ. ಆ ‘ಏನಾದರೂ’ ಎಂಬ ಮಾತಿನಲ್ಲಿ ಬೆತ್ತವೂ ಅಡಗಿದೆ. ಬಾಗಿಲು ಮುಚ್ಚಿದ ಮೇಲೆ ನೋಡುವವರಿಲ್ಲ. ನಾಯಿ ದೂರು ಹೇಳುವುದಿಲ್ಲ. ನಾಯಿಯ ಮೇಲಿನ ಪ್ರೀತಿಯಿಂದಲೇ ಉದ್ಯೋಗ ಬಿಟ್ಟವನು ಕಂತಿನ ಭಯದಿಂದ ಆ ಬೆತ್ತ ಹಿಡಿದರೆ, ಅವನು ಬದಲಿಸಿದ್ದು ಕಚೇರಿಯನ್ನಷ್ಟೇ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಮನೆಯ ಬಡತನವನ್ನು ಮುಂದೆ ಮಾಡದೆ, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಹೇಳಿದವರು ಲಕ್ಕಮ್ಮನವರು. ಗಿರಾಕಿಗೆ “ಆಗದು” ಎನ್ನುವ ಧೈರ್ಯ ಒಬ್ಬನದೇ ಆಗಬೇಕಿಲ್ಲ. ಕಂತಿನ ಲೆಕ್ಕ ಕೇಳಿದ ಹೆಂಡತಿಯೇ “ಆ ದುಡ್ಡು ಬೇಡ ರೀ” ಎಂದರೆ ಲಕ್ಕಮ್ಮನವರು ಆ ಮನೆಯಲ್ಲಿದ್ದಂತೆಯೇ.

ಇನ್ನೊಂದು ಮಾತು. ಅಂಗೈಯ ಇಷ್ಟಲಿಂಗದಲ್ಲಿ ಆರಂಭವಾದ ಪೂಜೆ ಸಕಲ ಜೀವರಲ್ಲಿ ಶಿವನನ್ನು ಕಾಣುವವರೆಗೆ ಬೆಳೆಯಬೇಕು. ಸಾಕಿದ ನಾಯಿಯ ಮೇಲಿನ ಮಮತೆಯೂ ಹಾಗೆಯೇ. 2023ರ ಸಮೀಕ್ಷೆಯಂತೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. 2019ರಲ್ಲಿ ಆ ಸಂಖ್ಯೆ ಸುಮಾರು 3.10 ಲಕ್ಷವಾಗಿತ್ತು. ಸಂತಾನಹರಣ ಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಅವುಗಳಿಗೆ ದಯೆಯ ರೂಪಗಳೇ. ಕೆ.ಆರ್. ಪುರದ ಓಣಿಯಲ್ಲಿ ಶಾಲೆಗೆ ನಡೆದುಹೋಗುವ ಮಗು ನಾಯಿಗೆ ಹೆದರಿದರೆ, ಆ ಹೆದರಿಕೆಯನ್ನು ಹಗುರವಾಗಿ ಕಾಣುವುದು ದಯೆಯಾಗದು. ಓಡದೆ ನಿಲ್ಲುವುದನ್ನು, ಮಲಗಿದ ನಾಯಿಯನ್ನು ಕೆಣಕದಿರುವುದನ್ನು, ಕಚ್ಚಿದರೆ ಗಾಯವನ್ನು ಸೋಪು-ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಆ ಮಗುವಿಗೂ ಅದರ ತಂದೆತಾಯಿಗೂ ಕಲಿಸುವುದು ಇದೇ ಕಾಯಕದ ಭಾಗ. ಶುಲ್ಕವಿಲ್ಲದೆ ಕಲಿಸಿದರೆ ಅದೇ ದಾಸೋಹ.

ಶರಣಬಂಧುಗಳೇ, ಮನೆಯ ನಾಯಿ ಬಾಗಿಲಲ್ಲಿ ಕಾದು ಕುಳಿತಿರುವಾಗ ಅದು ಒಡೆಯನ ಪದವಿಯನ್ನು ಕೇಳುವುದಿಲ್ಲ, ಸಂಬಳವನ್ನು ಕೇಳುವುದಿಲ್ಲ. ಬರುವವರ ಹೆಜ್ಜೆಯ ಸದ್ದನ್ನು ಆಲಿಸುತ್ತದೆ. ಆ ಹೆಜ್ಜೆ ಕೇಳಿ ಬಾಲ ಅಲ್ಲಾಡುತ್ತದೆಯೋ, ಮೈ ಮುದುಡುತ್ತದೆಯೋ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿಯೇ ನೋಡಿಕೊಳ್ಳಬಹುದು.