ಅವ್ವನ ಎದೆಯೊಳಗಿನ ಯಂತ್ರ

ನಮ್ಮ ಮಾತೋಶ್ರೀಯವರಿಗೆ ಈಗ 81 ವರ್ಷ. ಹಲಸೂರು ಕೆರೆಯ ಸಮೀಪದ ಮನೆಯಲ್ಲಿ ನಮ್ಮೊಡನೆ ಇದ್ದಾರೆ. ರಾಣೆಬೆನ್ನೂರಿನ ಕಡೆಯವರು, ಬೆಂಗಳೂರಿಗೆ ಬಂದು ನಾಲ್ಕು ದಶಕಗಳು ಕಳೆದರೂ ಮಾತು ಆ ಕಡೆಯದೇ. 2004ರ ಶ್ರಾವಣದ ಒಂದು ಸೋಮವಾರ ಪೂಜೆಗೆ ಹೂವು ತರಲೆಂದು ಹಲಸೂರು ಪೇಟೆಗೆ ಹೋದವರು ಹೂವಿನ ಅಂಗಡಿಯ ಮುಂದೆಯೇ ಕುಸಿದರು. ನಾಡಿ ನಿಮಿಷಕ್ಕೆ 32ಕ್ಕೆ ಇಳಿದಿತ್ತು. ಹೃದಯದ ಮೇಲ್ಕೋಣೆಯಲ್ಲಿ ಹುಟ್ಟುವ ಸಂಕೇತವು ಕೆಳಕೋಣೆಗೆ ತಲಪುತ್ತಿಲ್ಲವೆಂದು ವೈದ್ಯರು ತಿಳಿಸಿದರು. ನಾಲ್ಕನೆಯ ದಿನ ಎಡಭುಜದ ಕೆಳಗೆ, ಎದೆಯ ಚರ್ಮದಡಿಯಲ್ಲಿ, ಬೆಂಕಿಪೊಟ್ಟಣದಷ್ಟು ಅಗಲದ ಪೇಸ್‌ಮೇಕರ್ ಇರಿಸಿದರು.

ಅಂದಿನಿಂದ ಆ ಯಂತ್ರವೂ ನಮ್ಮ ಮನೆಯ ಒಂದು ಜೀವದಂತೆ ಆಗಿಹೋಯಿತು. ಮೊಬೈಲ್ ಫೋನನ್ನು ಎಡಗಿವಿಗೆ ಹಿಡಿಯುವಂತಿಲ್ಲ. 2011ರಲ್ಲಿ ಹಲಸೂರಿಗೆ ಮೆಟ್ರೊ ಬಂದ ಮೇಲೆ, ನಿಲ್ದಾಣದ ಲೋಹಶೋಧಕ ಚೌಕಟ್ಟಿನ ಬಳಿ ಅವ್ವನವರು ಸೆರಗಿನ ಗಂಟಿನಿಂದ ಆಸ್ಪತ್ರೆಯ ಕಾರ್ಡನ್ನು ಬಿಚ್ಚಿ ತೋರಿಸುವುದು ರೂಢಿಯಾಯಿತು. ಆದರೆ ಅವರನ್ನು ನಿಜವಾಗಿ ನೋಯಿಸಿದ ಸಂಗತಿ ಬೇರೆಯೇ ಇತ್ತು. ಅದು ನಮಗೆ ತಿಳಿದದ್ದು ಇಪ್ಪತ್ತು ವರ್ಷಗಳ ನಂತರ.

2014ರಲ್ಲಿ ಬ್ಯಾಟರಿ ಮುಗಿದು ಯಂತ್ರವನ್ನು ಬದಲಾಯಿಸಬೇಕಾಯಿತು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಪತ್ರಿಕೆಗಳಲ್ಲೊಂದು ಸುದ್ದಿ ಬಂದಿತು. ಅಮೆರಿಕದ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಸಂಸ್ಥೆಯಲ್ಲಿ ಎಡ್ವರ್ಡೊ ಮಾರ್ಬನ್ ಮತ್ತು ಸಂಗಡಿಗರು, ಯಂತ್ರವಿಲ್ಲದೆಯೇ ಹಂದಿಗಳ ಹೃದಯವು ಸರಿಯಾಗಿ ಮಿಡಿಯುವಂತೆ ಮಾಡಿದ್ದರು. ಆ ಹಂದಿಗಳಿಗೂ ಅವ್ವನವರಿಗಿದ್ದ ತೊಂದರೆಯೇ ಇತ್ತು. ನಾವು ಸಂಭ್ರಮದಿಂದ ಅದನ್ನು ಓದಿ ಹೇಳಿ, "ಮುಂದಿನ ಸಲ ನಿಮಗೆ ಈ ಪೆಟ್ಟಿಗೆಯೇ ಬೇಡವಾಗಬಹುದು" ಎಂದೆವು. ಅವರು ಆ ತುಣುಕನ್ನು ಕತ್ತರಿಸಿಕೊಂಡು ವಚನದ ಪುಸ್ತಕದೊಳಗೆ ಇಟ್ಟುಕೊಂಡರು. ನಾವು ಮರೆತೆವು.

ಆ ಪ್ರಯೋಗದ ತಿರುಳನ್ನು ಇಲ್ಲಿ ಹೇಳಬೇಕು. ಹೃದಯದ ಬಲ ಮೇಲ್ಕೋಣೆಯಲ್ಲಿ ಸುಮಾರು ಹತ್ತು ಸಾವಿರ ಜೀವಕೋಶಗಳ ಒಂದು ಚಿಕ್ಕ ಗುಂಪಿದೆ. ಬ್ರಿಟನ್ನಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಇದನ್ನು 1907ರಲ್ಲಿ ಗುರುತಿಸಿದರು. ಉಳಿದ ಕೋಟ್ಯಂತರ ಕೋಶಗಳು ಆಜ್ಞೆಗಾಗಿ ಕಾಯುವಂಥವು. ಇವು ತಾವಾಗಿಯೇ ವಿದ್ಯುತ್ ಸಂಕೇತವನ್ನು ಹುಟ್ಟಿಸಿ ಹೃದಯವನ್ನು ದಿನಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಸುವಂಥವು. ಮೆಟ್ಟಿಲು ಹತ್ತಿದರೆ ವೇಗ, ಮಲಗಿದರೆ ನಿಧಾನ. ಭ್ರೂಣದಲ್ಲಿ ಈ ಕೋಶಗಳು ರೂಪುಗೊಳ್ಳಲು ನೆರವಾಗುವ ಟಿಬಿಎಕ್ಸ್ 18 ಎಂಬ ವಂಶವಾಹಿಯನ್ನು, ನಿರ್ಬಲಗೊಳಿಸಿದ ವೈರಸ್ಸಿನ ಮೂಲಕ ಹೃದಯದ ಸಾಮಾನ್ಯ ಸ್ನಾಯುವಿಗೆ ಸೇರಿಸಿದರು. ಆಳು ಯಜಮಾನನಾದಂತೆ, ಆ ಸ್ನಾಯುಕೋಶಗಳೇ ಸಂಕೇತ ಕೊಡತೊಡಗಿದವು. ಎದೆಯನ್ನು ಸೀಳಬೇಕಾಗಲಿಲ್ಲ, ನಾಳದ ಮೂಲಕ ತೂರಿಸಿದ ಸಣ್ಣ ನಳಿಕೆಯೇ ಸಾಕಾಯಿತು.

ಆದರೆ ಪ್ರಯೋಗ ನಡೆದದ್ದು ಎರಡೇ ವಾರ. ದೇಹದ ರಕ್ಷಣಾವ್ಯವಸ್ಥೆಯು ವೈರಸ್ಸನ್ನು ಪರಕೀಯವೆಂದು ಗುರುತಿಸಿ ಎದುರಿಸುವುದರಿಂದ ಅದರ ಫಲ ಬಹುಕಾಲ ನಿಲ್ಲುವುದು ಕಷ್ಟ. ಹೀಗಾಗಿ ಆ ವಿಜ್ಞಾನಿಗಳೇ ಮೊದಲ ಉಪಯೋಗವನ್ನು ಕಂಡದ್ದು, ಯಂತ್ರಕ್ಕೆ ಸೋಂಕು ತಗುಲಿ ಅದನ್ನು ಹೊರತೆಗೆದಾಗ ರೋಗಿಯನ್ನು ಕೆಲವು ದಿನ ಕಾಪಾಡುವುದರಲ್ಲಿ. 2016ರ ಕೊನೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಗೋರ್ಡನ್ ಕೆಲ್ಲರ್ ಅವರ ತಂಡವು ಮಾನವ ಆಕರಕೋಶಗಳಿಂದಲೇ ಮಿಡಿತ ಕೊಡುವ ಕೋಶಗಳನ್ನು ಬೆಳೆಸಿ ಇಲಿಗಳ ಹೃದಯದಲ್ಲಿ ಪರೀಕ್ಷಿಸಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೂ ಇದುವರೆಗೆ ಆಸ್ಪತ್ರೆಯಲ್ಲಿ ರೋಗಿಗೆ ಕೊಡುವ ಚಿಕಿತ್ಸೆಯಾಗಿ ಇವು ಬಂದಿಲ್ಲ. ಸುದ್ದಿಯ ಈ ಅರ್ಧವನ್ನು ನಾವು ಅವ್ವನವರಿಗೆ ಓದಿ ಹೇಳಿರಲಿಲ್ಲ.

2024ರ ಆರಂಭದಲ್ಲಿ ಇಂದಿರಾನಗರದ ವೈದ್ಯರು ಪರೀಕ್ಷಿಸಿ, ಮೂರು ತಿಂಗಳೊಳಗೆ ಯಂತ್ರವನ್ನು ಬದಲಾಯಿಸಬೇಕೆಂದರು. ಅವ್ವನವರು ಒಪ್ಪಲಿಲ್ಲ. ಪುಸ್ತಕದಿಂದ ಹಳದಿಯಾದ ತುಣುಕನ್ನು ತೆಗೆದು, "ಹಂದಿಗೆ ಬಂದು ಹತ್ತು ವರ್ಷ ಆತು. ಮನಷ್ಯಾರಿಗೆ ಇನ್ನೂ ಬರಲಿಲ್ಲೇನೋ ತಮ್ಮಾ?" ಎಂದು ಕೇಳಿದರು. ಬರುವವರೆಗೆ ಕಾಯುವುದಾಗಿಯೂ ಹೇಳಿದರು. ಎರಡು ತಿಂಗಳು ಹೀಗೆಯೇ ಕಳೆದವು. ರಾತ್ರಿ ಎದ್ದು ಅವರ ಕೋಣೆಯ ಬಾಗಿಲಲ್ಲಿ ನಿಂತು ಉಸಿರಾಟವನ್ನು ಆಲಿಸುವುದು ನಮಗೂ ನಮ್ಮ ಮನೆಯವರಿಗೂ ಸರದಿಯ ಕೆಲಸವಾಯಿತು. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಪಡೆದ ಆರ್ನೆ ಲಾರ್ಸನ್, ಒಂದರ ನಂತರ ಒಂದರಂತೆ 26 ಯಂತ್ರಗಳನ್ನು ಬಳಸಿ 2001ರವರೆಗೆ ಬದುಕಿದ್ದರೆಂದು ಹೇಳಿ ನೋಡಿದೆವು. "ಅವರಿಗೆ ಕೊರಳಾಗ ಲಿಂಗ ಇರಲಿಲ್ಲಲ್ಲ" ಎಂದರು.

ಆಗ ಅರ್ಥವಾಯಿತು. ಎರಡು ಸಲವೂ ಶಸ್ತ್ರಚಿಕಿತ್ಸೆಗೆ ಮುಂಚೆ ಕರಡಿಗೆಯನ್ನು ಶಿವದಾರದ ಸಮೇತ ಬಿಚ್ಚಿಸಿ ಹೊರಗಿರಿಸಿದ್ದರು. ದೀಕ್ಷೆಯಾದಂದಿನಿಂದ ಮೈಬಿಟ್ಟು ಅಗಲದ ಇಷ್ಟಲಿಂಗವನ್ನು ಆ ಕೆಲವು ಗಂಟೆಗಳ ಕಾಲ ಅವರು ಅಗಲಿದ್ದರು. ನಮಗೆ ಅದೊಂದು ಆಸ್ಪತ್ರೆಯ ನಿಯಮ ಮಾತ್ರವಾಗಿತ್ತು. ಬಿಚ್ಚಿದ ಕರಡಿಗೆಯನ್ನು ಕೈಯಲ್ಲಿ ಹಿಡಿದು ಹೊರಗೆ ಕುಳಿತವರೂ ನಾವೇ. ಚಾಕುವಿಗೆ ಅವರು ಹೆದರಿರಲಿಲ್ಲ.

ಮರುದಿನವೇ ವೈದ್ಯರನ್ನು ಕಂಡು ವಿಷಯವನ್ನು ನಿವೇದಿಸಿದೆವು. ಅವರು ಕ್ಷಣಕಾಲ ಯೋಚಿಸಿ, ಶುದ್ಧೀಕರಿಸಿದ ಬಟ್ಟೆಯಲ್ಲಿ ಸುತ್ತಿ ಬಲಗೈಯಲ್ಲಿ ಇರಿಸಿಕೊಳ್ಳಲಿ, ಕೆಲಸವಿರುವುದು ಎಡಗಡೆ ತಾನೇ, ಎಂದರು. ಇಷ್ಟನ್ನು ಕೇಳಲು ನಮಗೆ ಇಪ್ಪತ್ತು ವರ್ಷ ಹಿಡಿಯಿತು. ಹಂದಿಗಳ ಸುದ್ದಿಯ ಉಳಿದ ಅರ್ಧವನ್ನೂ ಅಂದು ಸಂಜೆ ಅವ್ವನವರ ಮುಂದೆ ಕುಳಿತು ಬಿಡಿಸಿ ಹೇಳಿದೆವು. ಅವರು ಸಿಟ್ಟಾಗಲಿಲ್ಲ. "ಎರಡು ವಾರ ಅಂತ ಮೊದಲ ಹೇಳಬೇಕಿತ್ತು" ಎಂದಷ್ಟೇ ಅಂದರು.

ಹಳೆಯ ತಂತಿಗಳು ಚೆನ್ನಾಗಿದ್ದುದರಿಂದ ಪೆಟ್ಟಿಗೆಯನ್ನು ಮಾತ್ರ ಬದಲಾಯಿಸಿದರು. ಹೊರಗೆ ಕರೆತಂದಾಗ ಬಲಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ಮೂರನೆಯ ದಿನ ಮನೆಗೆ ಬಂದವರು ಈ ಬ್ಯಾಟರಿ ಎಷ್ಟು ವರ್ಷ ಬರುವುದೆಂದು ವಿಚಾರಿಸಿದರು. ಹತ್ತು ವರ್ಷವೆಂದೆವು. ಬೆರಳು ಮಡಿಸಿ ಎಣಿಸಿ, "ಹಂಗಾದ್ರ ಎರಡು ಸಾವಿರದ ಮೂವತ್ನಾಲ್ಕಕ್ಕ ಮತ್ತ ಕೇಳ್ತೇನಿ" ಎಂದು, ತುಣುಕನ್ನು ಪುಸ್ತಕದೊಳಗೆ ಮೊದಲಿದ್ದ ಪುಟದಲ್ಲಿಯೇ ಇಟ್ಟರು.