ಅರವತ್ತೊಂದಕ್ಕೆ ದೋಣಿ ಹತ್ತಿದೆ

ನಾವಿರುವ ಬಸವನ ಬಾಗೇವಾಡಿಯಿಂದ ಆಲಮಟ್ಟಿ ಬಹಳ ದೂರವಿಲ್ಲ. ನೆಂಟರು ಬಂದಾಗಲೆಲ್ಲ ಡ್ಯಾಮಿನ ಉದ್ಯಾನ ತೋರಿಸಿ ಬರುತ್ತೇನೆ. ಅವರೆಲ್ಲ ದೋಣಿ ಹತ್ತಿದರೆ ಚಪ್ಪಲಿ, ಬ್ಯಾಗು ಕಾಯುವ ಕೆಲಸ ನನ್ನದು :-)

ಕಾರಣ ಯಾರಿಗೂ ಹೇಳಿರಲಿಲ್ಲ. ನಮ್ಮೂರು ಕೃಷ್ಣೆಯ ದಂಡೆಯಲ್ಲಿತ್ತು. ನಾನು ಹುಟ್ಟಿದ 1964ರಲ್ಲೇ ಶಾಸ್ತ್ರೀಜಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು. ನಾನೂ ಬೆಳೆದೆ, ಅದೂ ಬೆಳೆಯಿತು. ಈಗ ತುಂಬಿದರೆ 519.6 ಮೀಟರ್, 123 ಟಿಎಂಸಿ. ಅದರೊಳಗೆ ನಮ್ಮ ಹೊಲ, ಮನೆ, ಹಣಮಪ್ಪನ ಗುಡಿ ಎಲ್ಲಾ ಇವೆ. ಉದ್ಯಾನದ ಕೊಳ ಬೇರೆ, ಹಿನ್ನೀರು ಬೇರೆ, ಗೊತ್ತು. ಆದರೂ ಊರು ನುಂಗಿದ ನೀರಿನ ಪಕ್ಕ ಮೋಜಿಗೆ ತೇಲಲು ಮನಸ್ಸು ಒಪ್ಪುತ್ತಿರಲಿಲ್ಲ.

ಹೋದ ದೀಪಾವಳಿಗೆ ಮೊಮ್ಮಗ ಹಟ ಹಿಡಿದ.
"ಅಜ್ಜಾ, ನೀ ಬರಲಿಲ್ಲಂದ್ರ ನಾನೂ ಹತ್ತಂಗಿಲ್ಲ."

ಲೈಫ್ ಜಾಕೆಟ್ ಬಿಗಿದುಕೊಂಡು ಕೂತೆ. ಪೆಡಲ್ ತುಳಿಯುವುದು ಥೇಟ್ ಸೈಕಲ್ಲಿನಂತೆ, ಬ್ರೇಕ್ ಮಾತ್ರ ಇಲ್ಲ! ಎರಡು ಸುತ್ತಿಗೆ ಮೊಣಕಾಲು ಹಿಡಿದವು. ಎದೆ ಮಾತ್ರ ಹಗುರಾಗತೊಡಗಿತ್ತು.

"ನಿಮ್ಮೂರು ಎಲ್ಲಿ ಐತಿ ಅಜ್ಜಾ?"

ಅಣೆಕಟ್ಟಿನ ಆಚೆ ಕೈ ಮಾಡಿ ತೋರಿಸಿದೆ. ಪಡಸಾಲೆ, ಬೇವಿನ ಮರ, ಅವ್ವನ ಒಲೆ... ಹೇಳುತ್ತಾ ಹೋದೆ. ಅವನು ಪೆಡಲ್ ನಿಲ್ಲಿಸಿ ಕೇಳಿದ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರದ ಊರನ್ನು ಅಂದು ನೀರಿನ ಮೇಲೆ ಕೂತು ಹೇಳಿದ್ದೆ.

ಈಗ ತಿಂಗಳಿಗೊಮ್ಮೆ ಇಬ್ಬರೂ ಹೋಗುತ್ತೇವೆ. ಚಪ್ಪಲಿ ಕಾಯಲು ನಮ್ಮ ಮನೆಯವರಿದ್ದಾರೆ. ಮುಂದಿನ ಸಲ ತಾವೂ ಹತ್ತುತ್ತಾರಂತೆ. ಹಂಗಾದ್ರ ಚಪ್ಪಲಿ ಕಾಯೋರು ಯಾರು?