ಆಟಕ್ಕೊಂದು ಕಥೆ ಬೇಕೇ?

ಸಾವಿರಾರು ಜನರು ಏಕಕಾಲದಲ್ಲಿ ಅಂತರ್ಜಾಲದ ಮೂಲಕ ಒಂದೇ ಕಲ್ಪಿತ ಲೋಕವನ್ನು ಪ್ರವೇಶಿಸಿ, ತಮಗೊಪ್ಪುವ ಪಾತ್ರ ಧರಿಸಿ ಆಡುವ ಆಟಗಳು ಇಂದು ನಮ್ಮಲ್ಲಿ ಹಲವರ ಮನೆಗಳನ್ನು ಹೊಕ್ಕಿವೆ. ಇವುಗಳ ಬೆನ್ನೆಲುಬು ‘ಕ್ವೆಸ್ಟ್’. ಆ ಲೋಕದ ರಾಜನೋ ರೈತನೋ ತನ್ನ ಕಷ್ಟವನ್ನು ಹೇಳಿಕೊಂಡು ಆಟಗಾರನಿಗೆ ಕಾರ್ಯವೊಂದನ್ನು ಒಪ್ಪಿಸುತ್ತಾನೆ. ಮುಗಿಸಿ ಬಂದರೆ ಬಹುಮಾನ. ಆ ಕಷ್ಟದ ಕಥೆಯನ್ನು ಪೂರ್ತಿ ಓದಬೇಕೇ, ಗುಂಡಿ ಒತ್ತಿ ದಾಟಿಬಿಡಬೇಕೇ ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ಹದಿನಾರರ ಮಗಳು ಪ್ರತಿ ಸಾಲನ್ನೂ ಓದುತ್ತಾಳೆ. ಹದಿಮೂರರ ಮಗ ಒಂದನ್ನೂ ಓದುವುದಿಲ್ಲ. “ಕಥೆ ಬೇಕಿದ್ರೆ ಪುಸ್ತಕ ಇದೆಯಲ್ಲ ಅಪ್ಪ, ಇಲ್ಲಿಗೆ ಬರೋದು ಆಡೋಕೆ” ಎಂಬುದು ಅವನ ವಾದ. ಆಸ್ಪತ್ರೆಯ ಪಾಳಿ ಇಲ್ಲದ ಭಾನುವಾರಗಳಲ್ಲಿ ಇಬ್ಬರೊಡನೆಯೂ ಆಡುವ ನಾನು ಇಬ್ಬರ ಪಕ್ಷವನ್ನೂ ಕೇಳಿದ್ದೇನೆ.

ಮಗನ ಪಕ್ಷ ದುರ್ಬಲವಾದುದಲ್ಲ. ಇಂಥ ಆಟಗಳ ಮೂಲಪುರುಷನೆನಿಸಿದ ‘ಮಡ್’ ಹುಟ್ಟಿದ್ದು ನಾವಿರುವ ಇದೇ ಬ್ರಿಟನ್ನಿನಲ್ಲಿ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಅದನ್ನು ಆರಂಭಿಸಿದರು. ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಚಿತ್ರಗಳಿಲ್ಲದ, ಕೇವಲ ಅಕ್ಷರಗಳ ಲೋಕವದು. 1996ರಲ್ಲಿ ಬಾರ್ಟಲ್ ತಮ್ಮ ಪ್ರಸಿದ್ಧ ಲೇಖನದಲ್ಲಿ ಆಟಗಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು: ಸಾಧಕರು, ಅನ್ವೇಷಕರು, ಸ್ನೇಹಜೀವಿಗಳು ಮತ್ತು ಇತರರನ್ನು ಮಣಿಸುವವರು. ಕಥೆಗಾಗಿಯೇ ಬರುವವರೆಂಬ ವರ್ಗ ಅಲ್ಲಿಲ್ಲ! 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಸಾವಿರಾರು ಕ್ವೆಸ್ಟ್‌ಗಳನ್ನು ಪೋಣಿಸಿತಾದರೂ ಅವುಗಳಲ್ಲಿ ಬಹುಪಾಲು ‘ಇಷ್ಟು ತೋಳಗಳನ್ನು ಕೊಂದು ಬಾ, ಇಷ್ಟು ಚರ್ಮ ತಾ’ ಎಂಬ ಮಾದರಿಯವೇ. ಮೇಲಾಗಿ, ಒಂದೇ ಲೋಕದಲ್ಲಿ ಸಾವಿರಾರು ಮಂದಿಗೆ ‘ಜಗತ್ತನ್ನು ಉಳಿಸಬಲ್ಲ ವೀರ ನೀನೊಬ್ಬನೇ’ ಎಂದು ಹೇಳಿದರೆ ನಂಬುವುದು ಹೇಗೆ? ಈಗಷ್ಟೇ ಕೊಂದ ದುಷ್ಟ ಕೆಲವೇ ನಿಮಿಷಗಳಲ್ಲಿ ಮುಂದಿನವರಿಗಾಗಿ ಎದ್ದು ನಿಂತಿರುತ್ತಾನೆ.

ಮಗಳ ಪಕ್ಷಕ್ಕೆ 2001ರಲ್ಲಿ ಬಿಡುಗಡೆಯಾದ ‘ರೂನ್‌ಸ್ಕೇಪ್’ ಆಟದ ಸಾಕ್ಷ್ಯವಿದೆ. ಹೊಸಬರು ಮೊದಮೊದಲು ಕೈಗೊಳ್ಳುವ ಕ್ವೆಸ್ಟ್‌ಗಳಲ್ಲಿ ಒಂದು ಅಲ್ಲಿನ ಕೋಟೆಯ ಅಡುಗೆಯವನದು. ಒಡೆಯನ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕು. ಮೊಟ್ಟೆ, ಹಾಲು, ಹಿಟ್ಟು ಇಲ್ಲ. ಕೆಲಸ ಹೋದೀತೆಂಬ ಭಯ ಅವನಿಗೆ. ಆಟಗಾರನು ಹಸುವಿನ ಹಾಲು ಕರೆಯಬೇಕು, ಗೋಧಿ ಕಿತ್ತು ಗಿರಣಿಯಲ್ಲಿ ಬೀಸಬೇಕು. ಲೆಕ್ಕಕ್ಕೆ ಇದೂ ‘ಮೂರು ವಸ್ತು ತಾ’ ಎಂಬ ಕೆಲಸವೇ. ಆದರೆ ಕೊಂದ ತೋಳಗಳು ಮರೆತುಹೋಗುತ್ತವೆ, ಕಂಗಾಲಾದ ಆ ಅಡುಗೆಯವನು ನೆನಪಿನಲ್ಲಿ ಉಳಿಯುತ್ತಾನೆ. ನಮಗಿದು ಹೊಸದೇನಲ್ಲ. ದ್ರೌಪದಿಯ ಬಯಕೆಯಂತೆ ಭೀಮ ಸೌಗಂಧಿಕಾ ಪುಷ್ಪ ತರಲು ಹೊರಟದ್ದೂ ಒಂದು ಕ್ವೆಸ್ಟೇ. ಹೂವಿಗಿಂತ ನಮ್ಮ ಮನದಲ್ಲಿ ನಿಂತಿರುವುದು ದಾರಿಗಡ್ಡಲಾಗಿ ಮಲಗಿದ್ದ ಹನುಮನ ಬಾಲ, ಅದನ್ನು ಎತ್ತಲಾರದೆ ಇಳಿದ ಭೀಮನ ಗರ್ವ.

ಕಥೆಯ ಬಲಕ್ಕೆ ಇನ್ನೂ ದೊಡ್ಡ ನಿದರ್ಶನ ‘ಫೈನಲ್ ಫ್ಯಾಂಟಸಿ 14’. 2010ರಲ್ಲಿ ಬಂದ ಅದರ ಮೊದಲ ರೂಪ ಸಂಪೂರ್ಣ ಸೋತಿತು. ಸದ್ದಿಲ್ಲದೆ ಬಾಗಿಲು ಮುಚ್ಚುವ ಬದಲು, ನಿರ್ಮಾಪಕರು ಆ ಸೋಲನ್ನೇ ಕಥೆಯಾಗಿಸಿದರು. ಆಕಾಶದಲ್ಲಿದ್ದ ಕೆಂಪು ಚಂದ್ರ ದಿನೇದಿನೇ ಹತ್ತಿರವಾಗಿ, 2012ರ ನವೆಂಬರಿನಲ್ಲಿ ಆ ಲೋಕ ಪ್ರಳಯಕ್ಕೀಡಾಯಿತು. 2013ರ ಆಗಸ್ಟಿನಲ್ಲಿ ಹೊಸ ಆಟ ತೆರೆದುಕೊಂಡಾಗ ಅದು ಪ್ರಳಯಾನಂತರದ ಲೋಕವಾಗಿತ್ತು. ಅಲ್ಲಿ ಮುಖ್ಯ ಕಥೆಯನ್ನು ಮುಗಿಸದೆ ಮುಂದಿನ ಬಾಗಿಲುಗಳು ತೆರೆಯವು. ಸ್ವಾರಸ್ಯವೆಂದರೆ, ಕಥೆಯನ್ನು ದಾಟಿಹೋಗುವ ಸೌಲಭ್ಯವನ್ನೂ ಅವರು ಹಣಕ್ಕೆ ಮಾರುತ್ತಾರೆ. ನನ್ನ ಮಗನಂಥವರನ್ನು ಅವರೂ ಬಲ್ಲರು.

ಆದರೆ ಈ ಮಗನೇ ರಾತ್ರಿ ಊಟಕ್ಕೆ ಕುಳಿತಾಗ ಹತ್ತು ನಿಮಿಷ ಬಿಡುವಿಲ್ಲದೆ ಕಥೆ ಹೇಳುತ್ತಾನೆ! ಅಡುಗೆಯವನದ್ದಲ್ಲ, ರಾಜನದ್ದಲ್ಲ. ತಂಡದಲ್ಲಿದ್ದ ಪೋಲೆಂಡಿನ ಹುಡುಗನೊಬ್ಬ ಕೊನೆಯ ಕ್ಷಣದಲ್ಲಿ ಓಡಿಹೋಗದೆ ನಿಂತು ಎಲ್ಲರನ್ನೂ ಹೇಗೆ ಉಳಿಸಿದನೆಂಬುದು ಆ ಕಥೆ. ಅದನ್ನು ಯಾವ ಕಂಪನಿಯೂ ಬರೆದದ್ದಲ್ಲ.

ಯಾರೂ ಬರೆಯದೆ ಘಟಿಸಿದ ಇಂಥದೊಂದು ಕಥೆ ವೈದ್ಯಕೀಯ ನಿಯತಕಾಲಿಕೆಯನ್ನೇ ತಲುಪಿತು. 2005ರ ಸೆಪ್ಟೆಂಬರಿನಲ್ಲಿ ವಾರ್‌ಕ್ರಾಫ್ಟ್ ಲೋಕದ ರಾಕ್ಷಸ ದೇವತೆಯೊಂದರ ‘ಕೊಳೆತ ರಕ್ತ’ದ ಶಾಪ, ತಾನಿರಬೇಕಾದ ಪ್ರದೇಶದ ಎಲ್ಲೆ ಮೀರಿ, ಆಟಗಾರರ ಸಾಕುಪ್ರಾಣಿಗಳ ಮೂಲಕ ನಗರಗಳಿಗೆ ಹಬ್ಬಿತು. ಎಳೆಯ ಪಾತ್ರಗಳು ಕ್ಷಣದಲ್ಲಿ ಸತ್ತವು. ಕೆಲವರು ನಗರ ಬಿಟ್ಟು ಓಡಿದರು, ಕೆಲವರು ಬೇಕೆಂದೇ ಸೋಂಕು ಹರಡಿದರು. ಗುಣಪಡಿಸುವ ಶಕ್ತಿಯಿದ್ದ ಕೆಲವರು ಅಪರಿಚಿತರನ್ನು ಉಳಿಸಲು ಧಾವಿಸಿದರು. ಎರಿಕ್ ಲೋಫ್‌ಗ್ರೆನ್ ಮತ್ತು ನೀನಾ ಫೆಫರ್ಮನ್ 2007ರಲ್ಲಿ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಇದನ್ನು ಚರ್ಚಿಸಿದರು. 2020ರಲ್ಲಿ ವಾರ್ಡಿನಿಂದ ಮನೆಗೆ ಮರಳುವಾಗ ಅವರ ಲೇಖನ ನನಗೆ ಹಲವು ಬಾರಿ ನೆನಪಾಯಿತು.

ದಕ್ಷಿಣ ಕನ್ನಡದಲ್ಲಿ ಬೆಳೆದ ನನಗೆ ಈ ಎರಡು ಬಗೆಯ ಕಥೆಗಳ ನಂಟು ತಾಳಮದ್ದಳೆಯಿಂದ ತಿಳಿದದ್ದು. ಪ್ರಸಂಗದ ಪದ್ಯಗಳು ಮೊದಲೇ ರಚಿತವಾದವು. ಕರ್ಣ ಸೋಲುವುದು ಸಭೆಗೆಲ್ಲ ಗೊತ್ತು. ಆದರೂ ಜನ ರಾತ್ರಿಯಿಡೀ ಕೂರುವುದು ಇಂದಿನ ಅರ್ಥಧಾರಿ ಆ ಕರ್ಣನ ಬಾಯಲ್ಲಿ ಏನು ಹೇಳಿಸುತ್ತಾನೆಂದು ಕೇಳಲಿಕ್ಕೆ. ಪ್ರಸಂಗವಿಲ್ಲದಿದ್ದರೆ ಅರ್ಥಧಾರಿಗೆ ನಿಲ್ಲಲು ನೆಲವಿಲ್ಲ; ಅರ್ಥವಿಲ್ಲದಿದ್ದರೆ ಪ್ರಸಂಗ ಬರಿಯ ಹಾಡು. ಆಟದ ನಿರ್ಮಾಪಕರು ಬರೆಯುವ ಕ್ವೆಸ್ಟ್ ಪ್ರಸಂಗದಂತೆ, ಆಟಗಾರರು ತಮ್ಮೊಳಗೆ ಹೆಣೆಯುವುದು ಅರ್ಥದಂತೆ. ಕ್ವೆಸ್ಟ್‌ಗಳು ಮುಖ್ಯವೆಂದು ನಾನು ಹೇಳುವುದು ಈ ಕಾರಣಕ್ಕೆ: ಅಪರಿಚಿತರು ಜೊತೆಗೂಡಿ ನಡೆಯಲು ಅವು ಒಂದು ದಾರಿಯನ್ನೂ, ನಡೆಯುವುದಕ್ಕೊಂದು ಕಾರಣವನ್ನೂ ಒದಗಿಸುತ್ತವೆ.

ಆ ದಾರಿ ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ನಾರ್ವೆಯ ಮಾಟ್ಸ್ ಸ್ಟೀನ್ ಸಾಕ್ಷಿ. ಡುಶೆನ್ ಸ್ನಾಯುಕ್ಷಯದಿಂದ ಅವರು 2014ರಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡರು. ಗಾಲಿಕುರ್ಚಿಯಲ್ಲಿ, ಪರದೆಯ ಮುಂದೆ, ಗೆಳೆಯರಿಲ್ಲದೆ ಮಗನ ಬದುಕು ಮುಗಿಯಿತೆಂದು ತಂದೆತಾಯಿ ಮರುಗಿದ್ದರು. ಮಗನ ಬ್ಲಾಗಿನಲ್ಲಿ ತಂದೆ ಸಾವಿನ ಸುದ್ದಿ ಪ್ರಕಟಿಸಿದ ಮೇಲೆ ಯೂರೋಪಿನ ನಾನಾ ದೇಶಗಳಿಂದ ಸಂತಾಪದ ಪತ್ರಗಳು ಬರತೊಡಗಿದವು. ವಾರ್‌ಕ್ರಾಫ್ಟಿನಲ್ಲಿ ‘ಇಬೆಲಿನ್’ ಎಂಬ ಪಾತ್ರವಾಗಿ, ಕಥೆ ಕಟ್ಟುತ್ತಲೇ ಆಡುವ ಬಳಗವೊಂದರಲ್ಲಿ ಅವರು ವರ್ಷಗಟ್ಟಲೆ ಹಲವರ ಸುಖದುಃಖಕ್ಕೆ ಕಿವಿಯಾಗಿದ್ದರು. ಆ ಬಳಗದ ಕೆಲವರು ಪರದೇಶಗಳಿಂದ ಅಂತ್ಯಕ್ರಿಯೆಗೂ ಬಂದರು. 2024ರಲ್ಲಿ ತೆರೆಕಂಡ ‘ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್’ ಸಾಕ್ಷ್ಯಚಿತ್ರವನ್ನು ನಾವು ನಾಲ್ವರೂ ಕೂತು ನೋಡಿದೆವು. ಅಂದು ನಮ್ಮ ಮನೆಯ ವ್ಯಾಜ್ಯಕ್ಕೆ ರಜೆ.

ಹಾಗೆಂದು ಎಚ್ಚರ ಬೇಡವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದ್ದು, ಅದರಲ್ಲಿ ಆಟದ ವ್ಯಸನಕ್ಕೂ ಸ್ಥಾನವಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟಕ್ಕೇ ಆದ್ಯತೆ, ಹಾನಿ ಕಂಡರೂ ನಿಲ್ಲಿಸದಿರುವುದು ಅದರ ಲಕ್ಷಣಗಳು; ಸಾಮಾನ್ಯವಾಗಿ ಇವು 12 ತಿಂಗಳಾದರೂ ಕಂಡುಬರಬೇಕು. ಇಷ್ಟು ಗಂಟೆ ಮೀರಿದರೆ ರೋಗ ಎಂಬ ಲೆಕ್ಕ ಅಲ್ಲಿಲ್ಲ. ಇಲ್ಲಿಯೂ ಕಥೆ ಉಪಕಾರಿ ಎಂಬುದು ನನ್ನ ಅನುಭವ. ಕಥೆಗೆ ಅಧ್ಯಾಯಗಳಿವೆ, ಎದ್ದು ಊಟಕ್ಕೆ ಬರಲು ತಕ್ಕ ವಿರಾಮಗಳಿವೆ. ಕೇವಲ ಬಹುಮಾನದ ಬೇಟೆಗೆ ಕೊನೆಯೆಂಬುದಿಲ್ಲ. ದಿನಕ್ಕೊಮ್ಮೆ ತಪ್ಪದೆ ಮಾಡಬೇಕೆಂದು ಕರೆಯುವ ನಿತ್ಯ ಕ್ವೆಸ್ಟ್‌ಗಳಲ್ಲಿ ಕಥೆ ಕಡಿಮೆ, ಸೆಳೆತ ಹೆಚ್ಚು; ಪಾಲಕರು ಗಮನಿಸಬೇಕಾದದ್ದು ಅವುಗಳನ್ನು.

ನಮ್ಮ ಸಂಘದ ಆರೋಗ್ಯ ಮಾಹಿತಿ ಶಿಬಿರಗಳಲ್ಲಿ ಪಾಲಕರು ಸ್ವಯಂಸೇವಕನಾದ ನನ್ನನ್ನು ‘ಎಷ್ಟು ಹೊತ್ತು ಆಡಲು ಬಿಡಬಹುದು, ಡಾಕ್ಟ್ರೇ?’ ಎಂದು ವಿಚಾರಿಸುತ್ತಾರೆ. ನಿದ್ರೆ, ಶಾಲೆ, ಊಟ, ಮೈದಾನದ ಆಟ ಕೆಡದಷ್ಟು ಎಂದು ಉತ್ತರಿಸಿ, ಒಂದು ಮಾತು ಸೇರಿಸುತ್ತೇನೆ: ಹೊತ್ತನ್ನು ಎಣಿಸುವುದರ ಜೊತೆಗೆ, ‘ಕಥೆ ಎಲ್ಲಿಗೆ ಬಂತು? ಜೊತೆಗೆ ಯಾರಿದ್ದರು?’ ಎಂದು ಮಕ್ಕಳನ್ನು ಕೇಳಿ ನೋಡಿ. ಉತ್ಸಾಹದಿಂದ ಹೇಳತೊಡಗಿದರೆ ಕುಳಿತು ಕೇಳಿ. ಹೇಳಲು ಏನೂ ಇಲ್ಲ, ಯಾರೂ ಇಲ್ಲ ಎಂಬ ಉತ್ತರ ದಿನವೂ ಬರುತ್ತಿದ್ದರೆ, ಆಗ ಇನ್ನಷ್ಟು ಹತ್ತಿರ ಕುಳಿತುಕೊಳ್ಳಿ.